ಕಲ್ಕತ್ತ ಹೆಗಲೇರಿಸಿಕೊಂಡ ಬೆಂಗಳೂರಿನ ಬರಿಗಾಲು: ಅಹ್ಮದ್ ಖಾನ್

ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ಹಳೆಯ ಅಭಿಮಾನಿಗಳಿಗೆ ಐದು ಹೆಸರು ಬಾಯಿಪಾಠ ಉಂಟು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್, ಸಾಲೇಹ್. ಮೈದಾನದಲ್ಲಿ ಬಲಬದಿಯಿಂದ ಎಡಬದಿಗೆ ಅವರು ನಿಲ್ಲುತ್ತಿದ್ದ ಕ್ರಮವೂ ಇದೇ. ಆ ಊರಿನವರು ಇವರಿಗೆ ಇಟ್ಟ ಹೆಸರು ಪಂಚಪಾಂಡವರು ಅಂತ. ಐವರಲ್ಲಿ ಒಬ್ಬರೂ ಬಂಗಾಳಿಯಲ್ಲ, ಎಲ್ಲರೂ ದಕ್ಷಿಣದವರು. ಪಾಂಡವರ ಪೈಕಿ ಇಬ್ಬರು ಮುಸ್ಲಿಮರು. ಸಾಲೇಹ್ ಕೇರಳದ ಕಡೆಯವರು. ಇನ್ನೊಬ್ಬರು ನಮ್ಮ ಬೆಂಗಳೂರಿನ ಅಹ್ಮದ್ ಖಾನ್.

ಎರಡು ಒಲಿಂಪಿಕ್ಸ್, ಏಷ್ಯನ್ ಗೇಮ್ಸ್‌ನ ಚಿನ್ನ, ದೇಶದ ದೊಡ್ಡ ಕಪ್‌ಗಳೆಲ್ಲ ಅವರ ಲೆಕ್ಕದಲ್ಲಿವೆ. ಆದರೂ ಕರ್ನಾಟಕದ ಕ್ರೀಡಾಪಟುಗಳ ಹೆಸರು ಹೇಳಿ ಅಂದರೆ ನಮ್ಮವರು ವಿಶ್ವನಾಥ್, ಪ್ರಸನ್ನ, ಪಡುಕೋಣೆ ಅಂತ ಬೆರಳು ಮಡಚುತ್ತಾ ಹೋಗುತ್ತಾರೆಯೇ ಹೊರತು ಅಹ್ಮದ್ ಖಾನರಲ್ಲಿಗೆ ಬಂದು ಮುಟ್ಟುವುದಿಲ್ಲ. ಅದಕ್ಕೆ ಈ ವಾರ ಈ ಮರ್ಹೂಮ್ ಆಟಗಾರನ ಬದುಕನ್ನು ಸ್ವಲ್ಪ ವಿವರವಾಗಿಯೇ ಹೇಳೋಣ ಅಂದುಕೊಂಡೆವು.

ಅಹ್ಮದ್ ಹುಟ್ಟಿದ್ದು 1926ರ ಡಿಸೆಂಬರ್ 24ರಂದು, ಬೆಂಗಳೂರಿನಲ್ಲಿ. ಆಗಿನ ಬೆಂಗಳೂರು ಎರಡು ಊರು. ಒಂದು ಪೇಟೆ, ಇನ್ನೊಂದು ಬ್ರಿಟಿಷ್ ಪಲ್ಟನ್‌ಗಳಿದ್ದ ದಂಡು, ಅಂದರೆ ಕಂಟೋನ್ಮೆಂಟ್. ಫುಟ್ಬಾಲ್ ಬಂದದ್ದು ದಂಡಿನ ದಾರಿಯಲ್ಲಿ. ಗೋರಾ ಸಿಪಾಯಿಗಳು ಬೂಟು ಹಾಕಿಕೊಂಡು ಆಡುತ್ತಿದ್ದರು. ಸುತ್ತಮುತ್ತಲಿನ ಕೇರಿಗಳ ತಮಿಳು ಮಾತಾಡುವ, ದಖನಿ ಮಾತಾಡುವ ಮಕ್ಕಳು ನಿಂತು ನೋಡುತ್ತಿದ್ದರು. ಆಮೇಲೆ ತಾವೂ ಬರಿಗಾಲಲ್ಲಿ ಇಳಿದು ಆಡಿದರು. ಆ ಆಟ ಎಷ್ಟು ಬೆಳೆಯಿತೆಂದರೆ, 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದುಕೊಂಡು ಬಂತು. ಅಲ್ಲಿಯವರೆಗೆ ಆ ಕಪ್ಪು ಸೈನ್ಯದ ತಂಡಗಳ ಆಸ್ತಿ. ಸೈನ್ಯದ್ದಲ್ಲದ ಭಾರತೀಯ ತಂಡವೊಂದು ಅದನ್ನು ಗೆದ್ದದ್ದು ಅದೇ ಮೊದಲು. ಅದೂ ಫೈನಲ್‌ನಲ್ಲಿ ಕಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು ಸೋಲಿಸಿ! ಮರುವರ್ಷ ಮತ್ತೆ ಗೆದ್ದರು. ಅಹ್ಮದ್‌ಗೆ ಆಗ ಹತ್ತು ಹನ್ನೊಂದು ವರ್ಷ. ದಂಡಿನ ಹುಡುಗನೊಬ್ಬನಿಗೆ ಆ ವಯಸ್ಸಿನಲ್ಲಿ ಇದಕ್ಕಿಂತ ದೊಡ್ಡ ಸುದ್ದಿ ಇನ್ನೇನು ಬೇಕು?

ಬೆಂಗಳೂರಿನ ಕ್ರೆಸೆಂಟ್ ಕ್ಲಬ್ಬಿನಲ್ಲಿ ಆಟ ಶುರು ಮಾಡಿ, ಅದೇ ಬೆಂಗಳೂರು ಮುಸ್ಲಿಮ್ಸ್ ತಂಡಕ್ಕೆ ಬಂದು, ಮೈಸೂರು ಸಂಸ್ಥಾನದ ಪರವಾಗಿಯೂ ಆಡಿದರು. ಮೈಸೂರು ಮೊದಲ ಸಲ ಸಂತೋಷ್ ಟ್ರೋಫಿ ಗೆದ್ದದ್ದು 1946-47ರಲ್ಲಿ, ಬಂಗಾಳದ ಎದುರು. ಆ ಕಾಲದಲ್ಲಿ ಬೆಂಗಳೂರಿನ ಫುಟ್ಬಾಲ್ ದೇಶಕ್ಕೇ ಆಟಗಾರರನ್ನು ಕೊಡುವಷ್ಟು ಗಟ್ಟಿಯಿತ್ತು.

1948ರ ಲಂಡನ್ ಒಲಿಂಪಿಕ್ಸ್‌ಗೆ ಸ್ವತಂತ್ರ ಭಾರತದ ಮೊದಲ ತಂಡ ಹೊರಟಾಗ ಅಹ್ಮದ್‌ಗೆ 21 ವರ್ಷ. ನಾಯಕ ನಾಗಾ ಬೆಟ್ಟದ ಡಾಕ್ಟರು ತಾಲಿಮೆರೆನ್ ಆವೊ. ಬೆಂಗಳೂರಿನಿಂದ ಅಹ್ಮದ್ ಜೊತೆಗೆ ರಾಮನ್, ಬಷೀರ್ ಮೊದಲಾದವರು. ಜುಲೈ 31ರಂದು ಇಲ್‌ಫರ್ಡ್‌ನಲ್ಲಿ ಫ್ರಾನ್ಸ್ ಎದುರು ಪಂದ್ಯ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲು, ಕೆಲವರ ಪಾದಕ್ಕೆ ಬಟ್ಟೆಯ ಪಟ್ಟಿ. ಎದುರಿನವರದ್ದು ಬೂಟು. ಮೊದಲು ಫ್ರಾನ್ಸ್ ಒಂದು ಗೋಲು ಹೊಡೆಯಿತು, 70ನೇ ನಿಮಿಷದಲ್ಲಿ ನಮ್ಮ ರಾಮನ್ ಸಮ ಮಾಡಿದರು. ನಡುವೆ ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕಿತ್ತು, ಎರಡೂ ಕೈತಪ್ಪಿದವು. ಇನ್ನೇನು ಮುಗಿಯಿತು ಅನ್ನುವಾಗ 89ನೇ ನಿಮಿಷದಲ್ಲಿ ಫ್ರಾನ್ಸ್ ಇನ್ನೊಂದು ಹೊಡೆದು 2-1ರಲ್ಲಿ ಗೆದ್ದಿತು. ಸೋತರೂ ಇಂಗ್ಲೆಂಡಿನ ಜನ ಈ ಬರಿಗಾಲಿನ ಆಟ ನೋಡಿ ಬೆರಗಾದರು.

ಈಗ ಮುಖ್ಯ ವಿಷಯಕ್ಕೆ ಬರೋಣ. ಆ ಕಾಲದಲ್ಲಿ ದಕ್ಷಿಣದ ಒಬ್ಬ ಮುಸ್ಲಿಂ ಆಟಗಾರ ಕಲ್ಕತ್ತಕ್ಕೆ ಹೋದರೆ ಸೇರುವುದು ಯಾವ ಕ್ಲಬ್ಬು? ಮೊಹಮ್ಮಡನ್ ಸ್ಪೋರ್ಟಿಂಗ್ ಅಂತ ಯಾರೂ ಹೇಳುತ್ತಿದ್ದರು. 1934ರಿಂದ 38ರವರೆಗೆ ಸತತ ಐದು ವರ್ಷ ಕಲ್ಕತ್ತ ಲೀಗ್ ಗೆದ್ದ ಕ್ಲಬ್ಬು ಅದು, ಆ ತಂಡದಲ್ಲಿ ಬೆಂಗಳೂರಿನ ಹುಡುಗರೂ ಇದ್ದರು. ಅಹ್ಮದ್ ಮಾತ್ರ 1949ರಲ್ಲಿ ಸೇರಿದ್ದು ಈಸ್ಟ್ ಬೆಂಗಾಲ್.

ಈಸ್ಟ್ ಬೆಂಗಾಲ್ 1920ರಲ್ಲಿ ಹುಟ್ಟಿದ ಕ್ಲಬ್ಬು. ಕೆಂಪು ಮತ್ತು ಬಂಗಾರದ ಬಣ್ಣದ ಅಂಗಿ. ಪೂರ್ವ ಬಂಗಾಳದಿಂದ ಬಂದು ಕಲ್ಕತ್ತದಲ್ಲಿ ನೆಲೆಸಿದವರದ್ದು ಅದು. ಊರಿನ ಮೂಲದವರದ್ದು ಮೋಹನ್ ಬಾಗಾನ್. ಈಸ್ಟ್ ಬೆಂಗಾಲ್ ಗೆದ್ದ ದಿನ ಇಲಿಶ್ ಮೀನಿಗೆ ರೇಟು ಏರುತ್ತದೆ, ಮೋಹನ್ ಬಾಗಾನ್ ಗೆದ್ದರೆ ಸಿಗಡಿಗೆ ಅನ್ನುವ ಮಾತು ಇವತ್ತಿಗೂ ಉಂಟು. (ಮೀನಿನ ವಿಷಯದಲ್ಲಿ ನಮ್ಮ ಕರಾವಳಿಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.) ದೇಶ ಒಡೆದ ಮೇಲೆ ಆ ಕ್ಲಬ್ಬಿನ ಬೆಂಬಲಿಗರಲ್ಲಿ ಬಹುಪಾಲು ಜನ ಮನೆಮಠ ಬಿಟ್ಟು ಓಡಿ ಬಂದ ಹಿಂದೂ ನಿರಾಶ್ರಿತರು. ಸಿಯಾಲ್ದಾ ಸ್ಟೇಶನ್ನಿನ ಪ್ಲಾಟ್‌ಫಾರ್ಮಿನಲ್ಲಿ ಸಂಸಾರ ಹೂಡಿದವರು, ಊರಾಚೆ ತಟ್ಟಿ ಗುಡಿಸಲು ಕಟ್ಟಿಕೊಂಡವರು. 1946ರ ಆಗಸ್ಟ್‌ನ ಕಲ್ಕತ್ತದ ಕೊಲೆಗಳು ಯಾರಿಗೂ ಮರೆತಿರಲಿಲ್ಲ. 1950ರ ಶುರುವಿನಲ್ಲಿ ಎರಡೂ ಬಂಗಾಳಗಳಲ್ಲಿ ಮತ್ತೆ ಗಲಭೆ ಹೊತ್ತಿಕೊಂಡಿತು. ಲಕ್ಷಾಂತರ ಜನ ಆಚೆಯಿಂದ ಈಚೆಗೂ ಈಚೆಯಿಂದ ಆಚೆಗೂ ಓಡಿದರು. ನೆಹರು ಮತ್ತು ಲಿಯಾಕತ್ ಅಲಿ ಖಾನ್ ಏಪ್ರಿಲ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು.

ಅಂಥ ವರ್ಷದಲ್ಲಿ ಅಂಥ ಜನರ ಕ್ಲಬ್ಬಿನ ಅಂಗಿ ತೊಟ್ಟು ಅಹ್ಮದ್ ಖಾನ್ ಮತ್ತು ಸಾಲೇಹ್ ಎಡಬದಿಯಲ್ಲಿ ಅಕ್ಕಪಕ್ಕ ನಿಂತು ಆಡುತ್ತಿದ್ದರು. ಗ್ಯಾಲರಿಯಲ್ಲಿ ಎಲ್ಲವನ್ನೂ ಕಳಕೊಂಡು ಬಂದವರು. ಯಾರ ಹೆಸರಿನ ಜನರಿಂದ ತಮಗೆ ಅನ್ಯಾಯವಾಯಿತು ಅಂತ ಅವರು ನಂಬಿದ್ದರೋ, ಅದೇ ಹೆಸರಿನ ಇಬ್ಬರ ಕಾಲಿಗೆ ಚೆಂಡು ಸಿಕ್ಕಿದಾಗ ಎದ್ದು ನಿಂತು ಕೂಗುತ್ತಿದ್ದರು. ಆ ವರ್ಷ ಈಸ್ಟ್ ಬೆಂಗಾಲ್ ಲೀಗ್ ಗೆದ್ದಿತು, ಐ.ಎಫ್.ಎ. ಶೀಲ್ಡ್ ಗೆದ್ದಿತು, ದಿಲ್ಲಿಗೆ ಹೋಗಿ ಡಿ.ಸಿ.ಎಂ. ಟ್ರೋಫಿಯನ್ನೂ ತಂದಿತು. ಅಹ್ಮದ್ ಗೆದ್ದ ಕಪ್‌ಗಳಿಗಿಂತ ಇದೇ ದೊಡ್ಡ ಸಂಗತಿ ಅಂತ ನಮಗೆ ಕಾಣುತ್ತದೆ. ಭಾಷಣ ಮಾಡಿ ಯಾರೂ ಇದನ್ನು ಸಾಧಿಸಿರಲಿಲ್ಲ. ಅವರು ಸಾಧಿಸಲು ಹೊರಟವರೂ ಅಲ್ಲ, ಸುಮ್ಮನೆ ಚೆನ್ನಾಗಿ ಆಡಿದರು.

ಅವರ ಆಟ ಎಂಥದ್ದು ಅಂತ ಈಗಿನ ಹುಡುಗರಿಗೆ ಹೇಳಬೇಕಾದರೆ ಅಂದಿನ ಪದ್ಧತಿಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಆಗ ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು. ಮುಂದಿನ ಐವರಲ್ಲಿ ಎರಡು ಅಂಚಿನವರು ಓಡಿ ಚೆಂಡನ್ನು ಒಳಗೆ ಹಾಕುತ್ತಾರೆ, ನಡುವಿನವ ಗೋಲು ಹೊಡೆಯುತ್ತಾನೆ. ಪೇಪರಿನಲ್ಲಿ ಹೆಸರು ಬರುವುದು ಆ ನಡುವಿನವನದ್ದು. ಅಂಚಿಗೂ ನಡುವಿಗೂ ಮಧ್ಯೆ ಇರುವ ಇಬ್ಬರು, ಅಂದರೆ ಇನ್‌ಸೈಡ್ ಫಾರ್ವರ್ಡ್‌ಗಳು, ಕತ್ತೆ ದುಡಿಮೆ ಮಾಡುವವರು. ಹಿಂದಕ್ಕೆ ಬಂದು ಚೆಂಡು ಪಡೆಯಬೇಕು, ಎದುರಿನವರನ್ನು ದಾಟಿಸಿ ತರಬೇಕು, ಸರಿಯಾದ ಹೊತ್ತಿಗೆ ಇನ್ನೊಬ್ಬನ ಕಾಲಿಗೆ ಇಡಬೇಕು, ತಂಡ ಚೆಂಡು ಕಳಕೊಂಡರೆ ಮತ್ತೆ ಹಿಂದಕ್ಕೆ ಓಡಬೇಕು. ಅಹ್ಮದ್‌ದು ಇನ್‌ಸೈಡ್ ಲೆಫ್ಟ್. ಮದುವೆ ಮನೆಯಲ್ಲಿ ಬಿರಿಯಾನಿ ಹೊಗಳುವವರು ಉಂಟು, ಒಲೆಯ ಹತ್ತಿರ ನಿಂತವನನ್ನು ಕೇಳುವವರಿಲ್ಲ. ಅಹ್ಮದ್ ಒಲೆಯ ಹತ್ತಿರ ನಿಂತವರು.

ಆದರೆ ಅವರ ಕಾಲಲ್ಲಿ ಒಂದು ಮೋಡಿಯಿತ್ತು. ಚೆಂಡು ಅವರ ಬರಿಗಾಲಿಗೆ ಅಂಟಿಕೊಂಡ ಹಾಗೆ ಹೋಗುತ್ತಿತ್ತು. ಪುಂಗಿಯ ಮುಂದೆ ಹಾವು ಆಡಿದ ಹಾಗೆ ಕಾಣುತ್ತಿದ್ದುದರಿಂದ ಹಾವಾಡಿಗ ಅನ್ನುವ ಅಡ್ಡ ಹೆಸರೂ ಅವರಿಗೆ ಬಿತ್ತು.

ಐವರೂ ಒಟ್ಟಾದ ಮೊದಲ ವರ್ಷ 1949ರಲ್ಲೇ ಕ್ಲಬ್ಬು ಲೀಗ್, ಶೀಲ್ಡ್, ರೋವರ್ಸ್ ಮೂರನ್ನೂ ಗೆದ್ದಿತು. ಶೀಲ್ಡನ್ನು 1949, 50, 51 ಹೀಗೆ ಸತತ ಮೂರು ವರ್ಷ ಗೆದ್ದ ಮೊದಲ ಭಾರತೀಯ ತಂಡ ಅದು. 1951ರಲ್ಲಿ ಮತ್ತು 52ರಲ್ಲಿ ಡುರಾಂಡ್ ಕಪ್. 1953ರಲ್ಲಿ ಕ್ಲಬ್ಬು ರುಮೇನಿಯಾಕ್ಕೆ, ಸೋವಿಯತ್ ರಷ್ಯಾಕ್ಕೆ ಹೋಗಿ ಆಡಿ ಬಂತು. ಅಲ್ಲಿಗೆ ಪಾಂಡವರ ಕಾಲ ಮುಗಿಯಿತು ಅನ್ನಬಹುದು. ಒಬ್ಬೊಬ್ಬರಾಗಿ ಚದುರಿದರು. ಅಹ್ಮದ್ ಮಾತ್ರ ಉಳಿದರು. 1954ರಲ್ಲಿ ತಂಡದ ನಾಯಕರಾದರು. 1956ರ ಡುರಾಂಡ್, 1957ರ ಡಿ.ಸಿ.ಎಂ., 1958ರ ಶೀಲ್ಡ್ ಎಲ್ಲ ಆದ ಮೇಲೆ 1959ರಲ್ಲಿ ಕ್ಲಬ್ಬು ಬಿಟ್ಟರು. ಒಂದೇ ಅಂಗಿಯಲ್ಲಿ ಹತ್ತು ವರ್ಷ! ಕಲ್ಕತ್ತದಲ್ಲಿ ಸೀಸನ್ ಬಂತೆಂದರೆ ಆಟಗಾರರನ್ನು ಎಳೆದಾಡುವ, ರಾತ್ರೋರಾತ್ರಿ ಕಾರಿನಲ್ಲಿ ಕೂರಿಸಿ ಬಚ್ಚಿಡುವ ಕಾಲ ಅದು. ಅಭಿಮಾನಿಗಳು ಅವರನ್ನು ಮನೆಮಗನ ಹಾಗೆ ನೋಡಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಇದರ ನಡುವೆ ದೇಶಕ್ಕೂ ಆಡಿದರು. 1951ರ ಮಾರ್ಚ್‌ನಲ್ಲಿ ದಿಲ್ಲಿಯಲ್ಲಿ ಮೊದಲ ಏಷ್ಯನ್ ಗೇಮ್ಸ್. ನಾಯಕ ಶೈಲೇನ್ ಮನ್ನಾ, ಕೋಚ್ ಹೈದರಾಬಾದಿನ ರಹೀಂ ಸಾಹೇಬರು. ಇಂಡೋನೇಷ್ಯಾ, ಅಫ್ಘಾನಿಸ್ತಾನ ಎರಡನ್ನೂ 3-0ರಿಂದ ದಾಟಿ, ಫೈನಲ್‌ನಲ್ಲಿ ಇರಾನ್ ವಿರುದ್ಧ ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಭಾರತ ಚಿನ್ನ ಗೆದ್ದಿತು. ಅದಕ್ಕೂ ಮುಂಚೆ 1950ರಲ್ಲಿ ಬ್ರೆಜಿಲ್ ವಿಶ್ವಕಪ್‌ಗೆ ಭಾರತಕ್ಕೆ ಅವಕಾಶ ಬಂದಿತ್ತು, ಹೋಗಲಿಲ್ಲ. ಬರಿಗಾಲಿಗೆ ಬಿಡಲಿಲ್ಲವಂತೆ ಅನ್ನುವ ಕಥೆ ಎಲ್ಲರಿಗೂ ಗೊತ್ತು. ಅದಕ್ಕಿಂತ ದೂರದ ಪಯಣ, ತಯಾರಿಗೆ ಸಮಯವಿಲ್ಲದ್ದು, ವಿಶ್ವಕಪ್‌ಗಿಂತ ಒಲಿಂಪಿಕ್ಸ್ ದೊಡ್ಡದು ಅಂತ ಫೆಡರೇಶನ್ನಿನವರು ತಿಳಿದದ್ದು, ಇವೇ ಕಾರಣ ಅನ್ನುವುದು ಹೆಚ್ಚು ಸರಿ. ಅಹ್ಮದ್‌ಗೆ ಆಗ 23. ಆ ಬಸ್ಸು ತಪ್ಪಿದ್ದು ನಮಗೆ ಈಗಲೂ ಹೊಟ್ಟೆ ಉರಿಸುತ್ತದೆ.

1952ರ ಹೆಲ್ಸಿಂಕಿಯ ಕಥೆ ಬೇರೆ. ಜುಲೈ 15ರಂದು ಯುಗೊಸ್ಲಾವಿಯ ಎದುರು ನಮ್ಮವರು 10-1ರಲ್ಲಿ ಸೋತರು. ಉತ್ತರದ ಆ ಚಳಿಯ ನೆಲ, ಬೂಟಿಲ್ಲದ ಕಾಲು, ಎದುರಿಗೆ ಆ ಸಲ ಬೆಳ್ಳಿ ಗೆದ್ದ ತಂಡ. ಹತ್ತು ಗೋಲು ತಿಂದ ಮೇಲೆ ಯಾರಾದರೂ ಕೈಚೆಲ್ಲಿ ನಿಲ್ಲುತ್ತಾರೆ. ಸೀಟಿ ಯಾವಾಗ ಊದುತ್ತಾರೆ ಅಂತ ಕಾಯುತ್ತಾರೆ. 89ನೇ ನಿಮಿಷದಲ್ಲಿ ಭಾರತದ ಆ ಒಂದು ಗೋಲು ಹೊಡೆದವರು ಅಹ್ಮದ್ ಖಾನ್. ಅಷ್ಟು ಹೊತ್ತಿಗೆ ಅದರಿಂದ ಲಾಭ ಏನೂ ಇರಲಿಲ್ಲ. ಅವರು ಓಡುವುದನ್ನು ನಿಲ್ಲಿಸಿರಲಿಲ್ಲ ಅಷ್ಟೇ. ಅಹ್ಮದ್ ಎಂಥ ಆಟಗಾರ ಅಂತ ಯಾರಾದರೂ ಕೇಳಿದರೆ ನಾವು ಚಿನ್ನದ ಪದಕದ ಮಾತಲ್ಲ, ಈ ಗೋಲಿನ ಮಾತನ್ನೇ ಹೇಳುತ್ತೇವೆ.

ಆ ಸೋಲಿನ ನಂತರ ಬೂಟು ಕಡ್ಡಾಯವಾಯಿತು. ಬರಿಗಾಲಿನ ಸ್ಪರ್ಶದಿಂದಲೇ ಚೆಂಡನ್ನು ಆಡಿಸುತ್ತಿದ್ದವರಿಗೆ ಇದು ಹೊಸದಾಗಿ ನಡೆಯಲು ಕಲಿತ ಹಾಗೆ. ಎಷ್ಟೋ ಮಂದಿಯ ಆಟ ಅಲ್ಲಿಗೇ ಮುಗಿಯಿತು. ಅಹ್ಮದ್ ಬೂಟು ಹಾಕಿಕೊಂಡು ಇನ್ನೂ ಏಳು ವರ್ಷ ಆಡಿದರು.

ಇಷ್ಟೆಲ್ಲ ಇದ್ದೂ ತವರು ರಾಜ್ಯ ಅವರನ್ನು ಯಾಕೆ ತಲೆಯ ಮೇಲೆ ಹೊತ್ತು ಮೆರೆಸಲಿಲ್ಲ? ಉಪೇಕ್ಷೆ ಅಂತ ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ಸುಲಭ. ನಮ್ಮ ಪ್ರಕಾರ ಅಷ್ಟೇ ಅಲ್ಲ. ಮೈಸೂರು ಸೀಮೆಯಲ್ಲಿ ಫುಟ್ಬಾಲ್ ದಂಡು ಪ್ರದೇಶ ಬಿಟ್ಟು ಹೆಚ್ಚು ದೂರ ಹೋಗಲೇ ಇಲ್ಲ. ಬೆಂಗಳೂರಿನಿಂದ ಒಂದು ಬೆಳಗ್ಗೆಯ ಪಯಣದಷ್ಟು ದೂರದ ಮಧುಗಿರಿ ಕಡೆಯ ಕೊಡಿಗೇನಹಳ್ಳಿಯಂಥ ಊರಿನ ಶಾಲೆ ಮೈದಾನವನ್ನೇ ತೆಗೆದುಕೊಳ್ಳಿ, ಅಲ್ಲಿ ಕಬಡ್ಡಿ, ಖೋ ಖೋ, ವಾಲಿಬಾಲ್, ಆಮೇಲೆ ಕ್ರಿಕೆಟ್. ಗೋಲ್‌ಪೋಸ್ಟ್ ಕಂಡವರು ಕಡಿಮೆ. ಆಟವೇ ಗೊತ್ತಿಲ್ಲದ ಕಡೆ ಆಟಗಾರನ ಹೆಸರು ಹೇಗೆ ನಿಂತೀತು? ಕಲ್ಕತ್ತದಲ್ಲಿ ಅಜ್ಜ ಮೊಮ್ಮಗನಿಗೆ ಹೇಳುತ್ತಾನೆ, ಹೆಸರು ಉಳಿಯುತ್ತದೆ. ಇನ್ನೊಂದು, ಅವರ ಒಳ್ಳೆಯ ವರ್ಷಗಳೆಲ್ಲ ಸಾವಿರಾರು ಮೈಲಿ ದೂರದಲ್ಲಿ ಕಳೆದವು. ಆಗ ಟೀವಿ ಇರಲಿಲ್ಲ, ಕನ್ನಡ ಪತ್ರಿಕೆಗಳಿಗೆ ಕಲ್ಕತ್ತ ಲೀಗ್ ನಾಲ್ಕು ಸಾಲಿನ ಸುದ್ದಿ.

ಸರಕಾರದ ಮರ್ಯಾದೆಯೂ ಅವರ ಪಾಲಿಗೆ ತಡವಾಗಿ ಹುಟ್ಟಿತು. ಅರ್ಜುನ ಪ್ರಶಸ್ತಿ ಶುರುವಾದದ್ದೇ 1961ರಲ್ಲಿ, ಅವರು ಈಸ್ಟ್ ಬೆಂಗಾಲ್ ಬಿಟ್ಟು ಎರಡು ವರ್ಷಕ್ಕೆ. ಗೋಷ್ಠ ಪಾಲ್‌ಗೆ 1962ರಲ್ಲಿ, ಜೊತೆಗೆ ಆಡಿದ ಶೈಲೇನ್ ಮನ್ನಾಗೆ 1971ರಲ್ಲಿ ಪದ್ಮಶ್ರೀ ಬಂತು, ಇಬ್ಬರೂ ಅದಕ್ಕೆ ತಕ್ಕವರೇ. ಬೆಂಗಳೂರಿಗೆ ವಾಪಸಾದ ಅಹ್ಮದ್ ಹೆಸರನ್ನು ದಿಲ್ಲಿಗೆ ಕಳಿಸುವ ಆಸಕ್ತಿ ಇಲ್ಲಿ ಯಾರಿಗೂ ಹುಟ್ಟಲಿಲ್ಲ.

ಮೈಸೂರು 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದ ಮೇಲೆ ಕರ್ನಾಟಕಕ್ಕೆ ಅದು ಮತ್ತೆ ಸಿಕ್ಕಿದ್ದು 2023ರ ಮಾರ್ಚ್‌ನಲ್ಲಿ, ಸೌದಿಯ ರಿಯಾದ್‌ನಲ್ಲಿ, ಮೇಘಾಲಯದ ವಿರುದ್ಧ 3-2ರಿಂದ. ಅದನ್ನು ನೋಡಲು ಅಹ್ಮದ್ ಖಾನ್ ಇರಲಿಲ್ಲ. 2017ರ ಆಗಸ್ಟ್ 27ರಂದು ಬೆಂಗಳೂರಿನಲ್ಲಿ ಅವರು ತೀರಿಕೊಂಡಿದ್ದರು, 90 ವರ್ಷವಾಗಿತ್ತು. ಪಂಚಪಾಂಡವರಲ್ಲಿ ಕೊನೆಯವರು ಹೋದರು ಅಂತ ಕಲ್ಕತ್ತದ ಕೆಂಪು ಬಂಗಾರದ ಅಭಿಮಾನಿಗಳು ದುಃಖಪಟ್ಟರು. ಅವರಲ್ಲಿ ಹೆಚ್ಚಿನವರು ಅಹ್ಮದ್ ಆಡುವುದನ್ನು ಒಮ್ಮೆಯೂ ಕಂಡವರಲ್ಲ, ತಂದೆಯೋ ಅಜ್ಜನೋ ಹೇಳಿದ್ದನ್ನು ಕೇಳಿದವರು.