ಬ್ಯಾಕ್ಟೀರಿಯಾವನ್ನು ದುಡಿಸಿಕೊಂಡ ವೈಜ್‌ಮನ್

ಖೈಮ್ ವೈಜ್‌ಮನ್ನನ ಹೆಸರು ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಬಾಲ್ಫರ್ ಘೋಷಣೆಯ ಪಾಠದಲ್ಲಿ ಬರುತ್ತದೆ. 1949ರಲ್ಲಿ ಇಸ್ರೇಲಿನ ಮೊದಲ ಅಧ್ಯಕ್ಷನಾದನೆಂದು ಬರೆದುಕೊಂಡು ಮುಂದೆ ಹೋಗುತ್ತೇವೆ. ಆತನ ರಾಜಕಾರಣವನ್ನೂ, ಮನೆಮಾರು ಕಳೆದುಕೊಂಡ ಪ್ಯಾಲೆಸ್ಟೀನಿನ ಅರಬರ ಸಂಕಟವನ್ನೂ ಬಲ್ಲವರು ಬರೆಯಲಿ. ನಾನು ಹೇಳಹೊರಟಿರುವುದು ರಸಾಯನಶಾಸ್ತ್ರಜ್ಞ ವೈಜ್‌ಮನ್ನನ ಸಂಗತಿ.

ಇಂದಿನ ಬೆಲಾರೂಸಿನ ಮೋತಲ್ ಎಂಬ ಊರಿನಲ್ಲಿ, ಮರದ ವ್ಯಾಪಾರಿಯೊಬ್ಬನ ಹದಿನೈದು ಮಕ್ಕಳಲ್ಲಿ ಮೂರನೆಯವನಾಗಿ ಆತನು 1874ರಲ್ಲಿ ಹುಟ್ಟಿದನು. ಜರ್ಮನಿ, ಸ್ವಿಟ್ಜರ್ಲೆಂಡುಗಳಲ್ಲಿ ಓದಿ, 1904ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಬಂದನು.

ಅಲ್ಲಿ ಆತನು ಹುಡುಕಿದ್ದು ಕೃತಕ ರಬ್ಬರಿಗೆ ಬೇಕಾದ ಬ್ಯೂಟೈಲ್ ಆಲ್ಕೊಹಾಲನ್ನು. ಹೆಪ್ಪು ಹಾಕಿದ ಹಾಲು ಮೊಸರಾಗುವಂತೆ, ಪಿಷ್ಟವನ್ನು ಬ್ಯಾಕ್ಟೀರಿಯಾಗಳಿಂದ ಹುದುಗಿಸಿ ಅದನ್ನು ಪಡೆಯಲು ಹೊರಟನು. ಕಡೆಗೆ ದೊರೆತ ಬ್ಯಾಕ್ಟೀರಿಯಾ ಗಾಳಿಯಿಲ್ಲದೆಡೆ ಬೆಳೆಯುವಂಥದು. ಅದು ಹತ್ತು ಪಾಲಿನಲ್ಲಿ ಆರು ಪಾಲು ಬ್ಯೂಟೈಲ್ ಆಲ್ಕೊಹಾಲನ್ನೂ, ಮೂರು ಪಾಲು ಅಸಿಟೋನನ್ನೂ, ಒಂದು ಪಾಲು ಸಾಮಾನ್ಯ ಮದ್ಯಸಾರವನ್ನೂ ಕೊಟ್ಟಿತು.

ರಬ್ಬರಿನ ಯೋಜನೆ ಫಲಿಸಲಿಲ್ಲ. ಅಷ್ಟರಲ್ಲಿ 1914ರ ಮಹಾಯುದ್ಧ ಬಂತು. ಕಾರ್ಡೈಟ್ ಎಂಬ ಸಿಡಿಮದ್ದಿಗೆ ಅಸಿಟೋನ್ ಬೇಕು. ಅದಕ್ಕೆ ಬ್ರಿಟನ್ನಿನಲ್ಲಿ ತೀವ್ರ ಅಭಾವ. ಹೆಂಡ ಬಟ್ಟಿಯಿಳಿಸುವ ಕಾರ್ಖಾನೆಗಳಲ್ಲಿ ಮೆಕ್ಕೆಜೋಳ ಹುದುಗತೊಡಗಿತು. 1917ರಲ್ಲಿ ಕಾಳಿಗೂ ಬರ ಬಂದಾಗ, ತಿನ್ನಲು ಬಾರದ ಕುದುರೆ ಚೆಸ್ಟ್‌ನಟ್ ಕಾಯಿಗಳನ್ನು ಶಾಲಾಮಕ್ಕಳಿಂದ ಆರಿಸಿ ತರಿಸಿದರು. ಅದರಿಂದ ಫಲ ಚೆನ್ನಾಗಿ ಬರಲಿಲ್ಲವೆನ್ನಿ.

ಬಾಲ್ಫರ್ ಘೋಷಣೆಯೇ ಈ ಅಸಿಟೋನಿನ ಬಹುಮಾನವೆಂದು ಹೇಳುವುದುಂಟು. ನಾನಂತೂ ಒಪ್ಪಲಾರೆ; ಸಾಮ್ರಾಜ್ಯಗಳು ಅಷ್ಟು ಉದಾರಿಗಳಲ್ಲ.

ನನಗೆ ಹೆಚ್ಚು ಸ್ವಾರಸ್ಯವೆನಿಸಿದ್ದು ಬೇರೆ. ಮೊದಲು ಬಯಸಿದ್ದ ಬ್ಯೂಟೈಲ್ ಆಲ್ಕೊಹಾಲು ಯುದ್ಧಕಾಲದಲ್ಲಿ ಬೇಡದ ಶೇಷವಾಗಿ ಉಳಿಯಿತು. ಯುದ್ಧ ಮುಗಿದ ಮೇಲೆ ಮೋಟಾರುಗಳಿಗೆ ಬಳಿಯುವ, ಬೇಗ ಒಣಗುವ ಬಣ್ಣಕ್ಕೆ ಅದೇ ಬೇಕಾಯಿತು. ಆಗ ಅಸಿಟೋನೇ ಹಿಂದೆ ಬಿತ್ತು!

1934ರಲ್ಲಿ ಪ್ಯಾಲೆಸ್ಟೀನಿನ ರೆಹೊವೊತ್ ಎಂಬ ಕಿತ್ತಳೆ ತೋಟಗಳ ಊರಿನಲ್ಲಿ ಆತನು ಸಂಶೋಧನಾಲಯ ತೆರೆದನು. ಹೊಲದ ಬೆಳೆ ಊಟಕ್ಕಷ್ಟೇ ಅಲ್ಲ, ರಸಾಯನ ಕೈಗಾರಿಕೆಗೂ ಮೂಲವಾಗಬೇಕೆಂಬುದು ಆತನ ಹಂಬಲ. ಎರಡನೆಯ ಮಹಾಯುದ್ಧದ ನಂತರ ಅಗ್ಗದ ಪೆಟ್ರೋಲಿಯಂ ಆ ಹಂಬಲವನ್ನು ಬದಿಗೆ ತಳ್ಳಿತು. 1952ರಲ್ಲಿ ತೀರಿಕೊಂಡ ಆತನ ಸಮಾಧಿ ಅಲ್ಲಿಯೇ, ಮನೆಯ ತೋಟದಲ್ಲಿದೆ.

ಈಗ ವಿಜ್ಞಾನಿಗಳು ಹಣ್ಣಿನ ಸಿಪ್ಪೆ, ಹಿಂಡಿದ ಚರಟಗಳ ಮೇಲೆ ಆ ಬ್ಯಾಕ್ಟೀರಿಯಾವನ್ನು ಮತ್ತೆ ಬಿಟ್ಟು ನೋಡುತ್ತಿದ್ದಾರೆ. ನಮ್ಮ ಹುನಗುಂದ ಸೀಮೆಯಲ್ಲಿ 24,000 ಹೆಕ್ಟೇರಿಗೆ ನೀರುಣಿಸಲೆಂದು ಹೂಡಿದ ಹನಿ ನೀರಾವರಿ ಯೋಜನೆಗೆ ರಾಮಥಾಳದ ಹೆಸರೇ ಇದೆ. ಜಿಲ್ಲೆಯಲ್ಲಿ ದಾಳಿಂಬೆ, ದ್ರಾಕ್ಷಿಗಳಿಗೂ ಕೊರತೆಯಿಲ್ಲ. ದಾಳಿಂಬೆಯ ರಸ ತೆಗೆದರೆ ಹಣ್ಣಿನ ತೂಕದ ಹೆಚ್ಚುಕಡಿಮೆ ಅರ್ಧ ಸಿಪ್ಪೆಯಾಗಿ ಉಳಿಯುತ್ತದೆ. ಆದರೆ ಅದರ ಒಗರು ಬ್ಯಾಕ್ಟೀರಿಯಾಗಳಿಗೆ ಆಗದು. ಮೊದಲು ಆ ಒಗರನ್ನು ಬಸಿದು ತೆಗೆಯಬೇಕು. ಚರ್ಮ ಹದ ಮಾಡುವುದಕ್ಕೂ ಬಣ್ಣ ಹಾಕುವುದಕ್ಕೂ ಅದು ಹಿಂದಿನಿಂದಲೂ ಬೇಕಾದ ವಸ್ತುವೇ.