ಅಕ್ಷರವರಿಯದ ನವಾಬನ ವಾರ್ತಾವ್ಯವಸ್ಥೆ

ಮೈಸೂರಿನ ನವಾಬ ಹೈದರಾಲಿಯ ಹೆಸರನ್ನು ಕೇಳದ ಕನ್ನಡಿಗನಿಲ್ಲ. ಆತನ ಕುದುರೆಯ ಸವಾರರ ವಿಷಯವನ್ನೂ ಯುದ್ಧಗಳ ವಿಷಯವನ್ನೂ ನಮ್ಮ ವಾಚಕರು ಶಾಲೆಯಲ್ಲಿ ಓದಿಯೇ ಇರುವರು. ಆದರೆ ರಣರಂಗದಲ್ಲಿ ಸುದ್ದಿಯನ್ನು ತರಿಸಿಕೊಳ್ಳುವುದರಲ್ಲಿಯೂ ಆಜ್ಞೆಯನ್ನು ತಪ್ಪಿಲ್ಲದೆ ಮುಟ್ಟಿಸುವುದರಲ್ಲಿಯೂ ಆತನಿಗಿದ್ದ ದಕ್ಷತೆಯನ್ನು ಬಲ್ಲವರು ಕಡಿಮೆ. ಇಂದು ಅದನ್ನೇ ಹೇಳಬೇಕೆಂದಿದ್ದೇವೆ.

ಹೈದರನು ಸುಮಾರು 1720ರಲ್ಲಿ ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಜನಿಸಿದನು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡನು. ಓದುಬರಹ ಕಲಿಯುವ ಭಾಗ್ಯ ಆತನಿಗೆ ದೊರೆಯಲಿಲ್ಲ. ಅಣ್ಣನ ಆಶ್ರಯದಲ್ಲಿ ಮೈಸೂರಿನ ಸೈನ್ಯವನ್ನು ಸೇರಿ, 1749ರ ದೇವನಹಳ್ಳಿಯ ಮುತ್ತಿಗೆಯಲ್ಲಿ ದಳವಾಯಿ ನಂಜರಾಜನ ಕಣ್ಣಿಗೆ ಬಿದ್ದನು. 1761ರ ವೇಳೆಗೆ ರಾಜ್ಯದ ಸರ್ವಾಧಿಕಾರವೂ ಆತನ ಕೈಸೇರಿತು.

ಅಕ್ಷರ ಬಾರದವನು ರಾಜ್ಯಭಾರದ ಕಾಗದಪತ್ರಗಳನ್ನು ನಡೆಸಿದುದು ಹೇಗೆ? ಆತನ ಜ್ಞಾಪಕಶಕ್ತಿ ಅಸಾಧಾರಣವಾದುದು. 1779ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದಿದ್ದ ಶ್ವಾರ್ಟ್ಸ್ ಎಂಬ ಪಾದ್ರಿಯು ಆತನ ಪದ್ಧತಿಯನ್ನು ಬರೆದಿಟ್ಟಿರುವನು. ಒಬ್ಬ ಮುನ್ಷಿಯಿಂದ ಪತ್ರವನ್ನು ಬರೆಯಿಸಿ, ಅವನಿಂದಲೇ ಓದಿಸಿ ಕೇಳುತ್ತಿದ್ದನು. ಬಳಿಕ ಇನ್ನೊಬ್ಬನನ್ನು ಕರೆಯಿಸಿ ಅದನ್ನೇ ಮತ್ತೆ ಓದಿಸುತ್ತಿದ್ದನು. ಹೇಳಿದುದಕ್ಕೂ ಬರೆದುದಕ್ಕೂ ಭೇದವಿದ್ದರೆ ಬರೆದವನ ತಲೆಯೇ ಹೋಗುತ್ತಿತ್ತು. ಆ ಕ್ರೂರ ಶಿಕ್ಷೆಯನ್ನು ನಾವು ಮೆಚ್ಚುವುದಿಲ್ಲ. ಆದರೆ ಕ್ರಮವು ಸರಿಯಾದುದು. 1911ರಲ್ಲಿ ಸ್ಥಾಪಿತವಾದ ಭಾರತೀಯ ಸೇನೆಯ ಸಿಗ್ನಲ್ಸ್ ದಳದವರಿಗೂ ಈ ಮರುಪಠನವು ಹೊಸದಲ್ಲ. ಮುಖ್ಯ ಸಂದೇಶವನ್ನು ಕೇಳಿದಾತನು ಅದನ್ನು ಮರಳಿ ಹೇಳಿ ಒಪ್ಪಿಸಿದ ಮೇಲೆಯೇ ಅದು ಮುಟ್ಟಿತೆಂದು ಲೆಕ್ಕ.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಏರ್ಪಟ್ಟಿದ್ದ ಮೈಸೂರು ಅಂಚೆಯನ್ನು ಹೈದರನು ಗೂಢಚಾರಿಕೆಗೂ ಬಳಸಿಕೊಂಡನು. ಅದರ ಫಲವು 1780ರಲ್ಲಿ ಕಾಣಿಸಿತು. ಕರ್ನಲ್ ಬೇಲಿ ಮತ್ತು ಜನರಲ್ ಮನ್ರೋ ಇವರ ಎರಡು ಇಂಗ್ಲಿಷ್ ಸೇನೆಗಳು ಕಂಚಿಯ ಸಮೀಪದಲ್ಲಿ ಒಂದಕ್ಕೊಂದು ಕೆಲವೇ ಮೈಲಿಗಳ ಅಂತರದಲ್ಲಿದ್ದವು. ಬೇಲಿಯ ಸಹಾಯಕ್ಕೆ ಹೊರಟ ಕರ್ನಲ್ ಫ್ಲೆಚರನ ದಾರಿತೋರುಗರೇ ಹೈದರನ ಸಂಬಳವನ್ನು ತಿನ್ನುತ್ತಿದ್ದವರು! ಫ್ಲೆಚರನು ಸಂಶಯಪಟ್ಟು ದಾರಿ ಬದಲಿಸಿದುದರಿಂದ ಬೇಲಿಯನ್ನು ಸೇರಿದನಾದರೂ, ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಆ ಪಡೆಯೆಲ್ಲ ನಾಶವಾಯಿತು. ಫ್ಲೆಚರನು ಮಡಿದನು, ಬೇಲಿಯು ಸೆರೆಯಾದನು.

ಆದರೆ ಈ ವ್ಯವಸ್ಥೆಯ ನಿಜವಾದ ಪರೀಕ್ಷೆ ನಡೆದುದು ಯಜಮಾನನು ಕಣ್ಣು ಮುಚ್ಚಿದ ಮೇಲೆ. 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಬಿಡಾರದಲ್ಲಿ ಹೈದರನು ಮೃತನಾದನು. ಮಗ ಟಿಪ್ಪುವು ದೂರದ ಮಲೆಯಾಳ ಸೀಮೆಯಲ್ಲಿ ಯುದ್ಧ ಮಾಡುತ್ತಿದ್ದನು. ಸುದ್ದಿ ಹರಡಿದರೆ ಸೈನ್ಯ ಚದರುವುದು, ರಾಜ್ಯ ಹೋಗುವುದು. ಮಂತ್ರಿಗಳಾದ ಪೂರ್ಣಯ್ಯ ಮತ್ತು ಕೃಷ್ಣರಾಯರು ಮರಣವನ್ನು ಮರೆಮಾಡಿದರು. ಶವವನ್ನು ಖಜಾನೆಯ ಪೆಟ್ಟಿಗೆಯಂತೆ ಕೋಲಾರಕ್ಕೆ ಸಾಗಿಸಿದರು. ಬಿಡಾರದ ನಿತ್ಯದ ಕೆಲಸಗಳು ಎಂದಿನಂತೆಯೇ ನಡೆದವು. ಟಿಪ್ಪುವಿನ ತಮ್ಮ ಅಬ್ದುಲ್ ಕರೀಮನನ್ನು ಪಟ್ಟಕ್ಕೇರಿಸಲು ಹೂಡಿದ ಒಳಸಂಚನ್ನು ಹಿಡಿದು, ಸಂಚುಗಾರರಿಗೆ ಬೇಡಿ ತೊಡಿಸಿದರು. ಇತ್ತ ಒಂಟೆಯೇರಿ ಹೊರಟ ದೂತನು ನಾಲ್ಕೇ ದಿನಗಳಲ್ಲಿ, ಡಿಸೆಂಬರ್ 11ರಂದು, ಟಿಪ್ಪುವನ್ನು ಮುಟ್ಟಿದನು. ಮರುದಿನವೇ ಟಿಪ್ಪುವು ಪೂರ್ವಕ್ಕೆ ಹೊರಟನು.

ಮದ್ರಾಸಿನಲ್ಲಿ ಆದುದೇನು? ಸುದ್ದಿಯು ಅಲ್ಲಿಗೂ ಮುಟ್ಟಿತು. ಗವರ್ನರ್ ಮೆಕಾರ್ಟ್ನಿಯು ಅವಸರಪಡಿಸಿದರೂ ಜನರಲ್ ಸ್ಟುವರ್ಟನ ಸೈನ್ಯವು ಸಿದ್ಧವಾಗಿರಲಿಲ್ಲ. ಅದು ಕದಲುವ ಮೊದಲೇ, 1783ರ ಜನವರಿಯ ಆದಿಯಲ್ಲಿ, ಟಿಪ್ಪುವು ತಂದೆಯ ಸೈನ್ಯವನ್ನು ವಹಿಸಿಕೊಂಡಿದ್ದನು. ಸುದ್ದಿ ಬಂದರೆ ಸಾಲದು, ಅದರಂತೆ ನಡೆಯಲು ಸಿದ್ಧರಿರಬೇಕು.

ಈ ಕಥೆಯು ದಂಡಿನವರಿಗೆ ಮಾತ್ರವಲ್ಲ. ಸಾಂತಾಕ್ರೂಜಿನಲ್ಲಿ ನಾವು ಹೋಟೆಲಿನ ಗಲ್ಲೆಯಲ್ಲಿ ಕುಳಿತಿದ್ದಾಗ, ನಾಲ್ಕು ಟೇಬಲ್ಲುಗಳ ಆರ್ಡರನ್ನು ಬರೆದುಕೊಳ್ಳದೆ ಭಟ್ಟರಿಗೆ ಒಪ್ಪಿಸುವ ಮಾಣಿಗಳನ್ನು ನಿತ್ಯವೂ ಕಂಡಿದ್ದೇವೆ. ಗಿರಾಕಿಯ ಎದುರಿಗೆ ಆರ್ಡರನ್ನು ಒಮ್ಮೆ ಮರಳಿ ಹೇಳಿ ಹೋಗುತ್ತಿದ್ದವನ ತಟ್ಟೆಯು ತಿರುಗಿ ಒಳಕ್ಕೆ ಬರುತ್ತಿದ್ದುದು ಅಪರೂಪ. ಆಫೀಸಿನಲ್ಲಿ ಟೆಲಿಫೋನಿನ ಸಂದೇಶವನ್ನು ಬರೆದುಕೊಳ್ಳುವ ಗುಮಾಸ್ತರಿಗೂ ಇದೇ ಮಾತು ಸಲ್ಲುತ್ತದೆ.

ಇನ್ನೊಂದು ವಿಷಯ. ಹೈದರನು ಓದದೆಯೇ ದೊಡ್ಡವನಾದನೆಂದು ಕೆಲವು ತರುಣರು ರಾತ್ರಿಶಾಲೆಯನ್ನು ಬಿಡಲು ನೆವ ಹೂಡಬಹುದು. ತನ್ನ ಪತ್ರವನ್ನು ತಾನೇ ಓದಲಾರದ ಆ ನವಾಬನು ಪ್ರತಿ ಕಾಗದಕ್ಕೂ ಇಬ್ಬರನ್ನು ಇಟ್ಟುಕೊಳ್ಳಬೇಕಾಯಿತು. ಅಷ್ಟು ಸಂಬಳ ಕೊಡುವ ಶಕ್ತಿ ನಮ್ಮಲ್ಲಿ ಯಾರಿಗಿದೆ? ಆದುದರಿಂದ ಅಕ್ಷರವನ್ನೂ ಕಲಿಯೋಣ, ಹೇಳಿದ ಮಾತನ್ನು ಮರಳಿ ಒಪ್ಪಿಸುವ ಅಭ್ಯಾಸವನ್ನೂ ಬೆಳೆಸಿಕೊಳ್ಳೋಣ.