ಬಡವರ ವಕೀಲ ಸಂತ ಈವೋ

ಕೆಲಸದ ದಿನಗಳ ಬೆಳಿಗ್ಗೆ ನಮ್ಮ ಮೈಸೂರಿನ ನ್ಯಾಯಾಲಯದ ಆವರಣದಲ್ಲಿ ಕಾಗದದ ಕಟ್ಟನ್ನು ಎದೆಗವಚಿಕೊಂಡು ಕಾದು ಕುಳಿತವರನ್ನು ನಾವೆಲ್ಲರೂ ಕಂಡಿದ್ದೇವೆ. ತಂದೆ ಕಟ್ಟಿಸಿದ ಮನೆಯ ಪಾಲಿಗಾಗಿ ಒಡಹುಟ್ಟಿದವರು ಮಾತು ಬಿಟ್ಟು, ಭಾನುವಾರದ ಪೂಜೆಯಲ್ಲಿ ಒಬ್ಬರು ಬಲಗಡೆಯೂ ಮತ್ತೊಬ್ಬರು ಎಡಗಡೆಯೂ ಕುಳಿತುಕೊಳ್ಳುವುದನ್ನೂ ಕಂಡಿದ್ದೇವೆ. ನ್ಯಾಯ ಬೇಕು, ದಾರಿ ತಿಳಿಯದು. ದಾರಿ ತಿಳಿದರೂ ಕೈಯಲ್ಲಿ ಹಣವಿಲ್ಲ. ಏಳುನೂರು ವರ್ಷಗಳ ಹಿಂದೆ ಈ ಸಂಕಟವನ್ನು ತಮ್ಮದಾಗಿ ಮಾಡಿಕೊಂಡ ಗುರುವೊಬ್ಬರ ಜೀವನವನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ. ನ್ಯಾಯವಾದಿಗಳ ಪಾಲಕರೆನಿಸಿದ ಸಂತ ಈವೋ ಅವರೇ ಆ ಮಹನೀಯರು.

ಈವೋ 1253ರ ಅಕ್ಟೋಬರ್ 17ರಂದು ಫ್ರಾನ್ಸಿನ ವಾಯವ್ಯಕ್ಕಿರುವ ಬ್ರಿಟನಿ ಪ್ರಾಂತ್ಯದಲ್ಲಿ, ಟ್ರೆಗ್ಯೆ ಪಟ್ಟಣದ ಸಮೀಪದ ಕೆರ್ಮಾರ್ಟಿನ್ ಎಂಬಲ್ಲಿ, ಒಂದು ಭೂಮಾಲೀಕ ಮನೆತನದಲ್ಲಿ ಜನಿಸಿದರು. ಯೂರೋಪಿನಲ್ಲಿ ನ್ಯಾಯದ ರೀತಿಯೇ ಬದಲಾಗುತ್ತಿದ್ದ ಕಾಲವದು. ಅದಕ್ಕೆ ಹಿಂದೆ ಆರೋಪಿಯ ಕೈಗೆ ಕಾದ ಕಬ್ಬಿಣವನ್ನು ಕೊಟ್ಟೋ, ಅವನನ್ನು ನೀರಿಗೆ ಇಳಿಸಿಯೋ ಸತ್ಯಾಸತ್ಯವನ್ನು ನಿರ್ಣಯಿಸುವ ಪದ್ಧತಿ ಇತ್ತು. ನಮ್ಮ ನಾಡಿನಲ್ಲಿಯೂ ದಿವ್ಯವೆಂಬ ಹೆಸರಿನಿಂದ ಇಂತಹ ಪರೀಕ್ಷೆ ನಡೆಯುತ್ತಿದ್ದುದುಂಟು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯು ಗುರುಗಳು ಇಂತಹ ಪರೀಕ್ಷೆಗಳಲ್ಲಿ ಪಾಲ್ಗೊಳ್ಳಕೂಡದೆಂದು ವಿಧಿಸಿತು. ಸಾಕ್ಷಿಗಳ ಹೇಳಿಕೆ, ಲಿಖಿತ ದಾಖಲೆ, ನ್ಯಾಯಾಧೀಶರ ವಿಚಾರಣೆ, ಮೇಲ್ಮನವಿ ಇವು ಕ್ರಮೇಣ ಅದರ ಸ್ಥಾನವನ್ನು ಪಡೆದವು.

ಇದಕ್ಕೆ ಪೀಠಿಕೆ ಹಾಕಿದವರು ವಿದ್ವಾಂಸರು. ಇಟಲಿಯ ಬೊಲೋನ್ಯ ನಗರದಲ್ಲಿ ಪ್ರಾಚೀನ ರೋಮನ್ ನ್ಯಾಯಗ್ರಂಥಗಳ ವ್ಯಾಸಂಗ ಮತ್ತೆ ಚಿಗುರಿತು. 1140ರ ಸುಮಾರಿಗೆ ಗ್ರೇಷಿಯನ್ ಎಂಬ ಪಂಡಿತರು ಧರ್ಮಸಭೆಯ ಚದುರಿದ ನಿಯಮಗಳನ್ನು ಒಂದೆಡೆ ಸೇರಿಸಿ, ಪರಸ್ಪರ ವಿರುದ್ಧವಾಗಿ ತೋರುವುದನ್ನು ಸಮನ್ವಯಗೊಳಿಸಿದರು. ಬೊಲೋನ್ಯದ ಈ ವ್ಯಾಸಂಗ ಮೊಳೆಯುತ್ತಿದ್ದ ದಿನಗಳಲ್ಲಿಯೇ ನಮ್ಮ ಕರ್ನಾಟಕದ ಕಲ್ಯಾಣದಲ್ಲಿ, ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದನೆಂಬುದು ನಮಗೆ ಅಭಿಮಾನದ ಸಂಗತಿ. 1234ರಲ್ಲಿ ಜಗದ್ಗುರು ಒಂಬತ್ತನೆಯ ಗ್ರೆಗೊರಿಯವರು, ಡೊಮಿನಿಕನ್ ಸಭೆಯ ಸಂತ ರೇಮಂಡರಿಂದ ಸಿದ್ಧಪಡಿಸಿದ ಅಧಿಕೃತ ನಿಯಮಸಂಗ್ರಹವನ್ನು ಪ್ರಕಟಿಸಿದರು.

ಈ ಹೊಸ ವಿದ್ಯೆಯನ್ನು ಅರಸಿ ಈವೋ ಹದಿನಾಲ್ಕನೆಯ ವಯಸ್ಸಿನಲ್ಲಿ ಪ್ಯಾರಿಸ್ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. ಅಲ್ಲಿ ದೈವಶಾಸ್ತ್ರವನ್ನೂ ಧರ್ಮಸಭೆಯ ಕಾನೂನನ್ನೂ ಕಲಿತರು. ಪ್ಯಾರಿಸಿನಲ್ಲಿ ರೋಮನ್ ಕಾನೂನಿನ ಬೋಧನೆಯನ್ನು 1219ರಲ್ಲಿಯೇ ಪೋಪರು ನಿಷೇಧಿಸಿದ್ದುದರಿಂದ, ಅದನ್ನು ಕಲಿಯಲು ಓರ್ಲಿಯಾನ್ಸ್ ನಗರಕ್ಕೆ ಹೋದರು. ವಿದ್ಯಾರ್ಥಿದೆಸೆಯಲ್ಲಿಯೇ ಮಾಂಸ ಮದ್ಯಗಳನ್ನು ತೊರೆದು ಕಠಿಣ ವ್ರತವನ್ನು ಕೈಕೊಂಡರು.

ವ್ಯಾಸಂಗ ಮುಗಿಸಿದ ಅವರು ಮೊದಲು ರೆನ್ ನಗರದಲ್ಲಿಯೂ, 1284ರಿಂದ ಸ್ವಂತ ಧರ್ಮಕ್ಷೇತ್ರವಾದ ಟ್ರೆಗ್ಯೆಯಲ್ಲಿಯೂ ಧರ್ಮಸಭೆಯ ನ್ಯಾಯಾಧಿಕಾರಿಯಾದರು. ವಿವಾಹ, ಮರಣಶಾಸನ, ಅನಾಥರ ಮತ್ತು ವಿಧವೆಯರ ಹಕ್ಕು ಮುಂತಾದ ಅನೇಕ ವ್ಯಾಜ್ಯಗಳು ಅಂದು ಈ ನ್ಯಾಯಪೀಠಗಳ ಮುಂದೆ ಬರುತ್ತಿದ್ದವು. ವ್ಯವಹಾರ ಲಿಖಿತವಾದಂತೆ ನ್ಯಾಯವು ಖಚಿತವಾಯಿತು. ಆದರೆ ಓದುಬಾರದ ಬಡವನಿಗೆ ಅದು ದೂರವೂ ಆಯಿತು. ಈವೋ ಅವರ ಹಿರಿಮೆ ಇರುವುದು ಈ ಅಂತರವನ್ನು ತುಂಬಿದ್ದರಲ್ಲಿ. ಅವರು ಕಾಣಿಕೆಗಳನ್ನು ಮುಟ್ಟಲಿಲ್ಲ. ಅನ್ಯ ನ್ಯಾಯಾಲಯಗಳಲ್ಲಿ ಬಡವರ ಪರವಾಗಿ ತಾವೇ ನಿಂತು ವಾದಿಸಿದರು. ಅವರ ಖರ್ಚನ್ನೂ ವಹಿಸಿಕೊಂಡರು. ಸೆರೆಯಲ್ಲಿದ್ದವರನ್ನು ಹೋಗಿ ಕಂಡರು.

ಅವರ ಜಾಣ್ಮೆಯನ್ನು ಕುರಿತು ಪರಂಪರೆಯಿಂದ ಬಂದ ಕಥೆಯೊಂದಿದೆ. ಟೂರ್ಸ್ ನಗರದಲ್ಲಿ ವಸತಿಗೃಹ ನಡೆಸುತ್ತಿದ್ದ ವಿಧವೆಯೊಬ್ಬಳ ಬಳಿ ಇಬ್ಬರು ವರ್ತಕರು ಹಣದ ಚೀಲವನ್ನಿಟ್ಟು, ಇಬ್ಬರೂ ಜೊತೆಯಾಗಿ ಬಂದಾಗ ಮಾತ್ರ ಹಿಂದಿರುಗಿಸಬೇಕೆಂದು ಹೇಳಿದರು. ಕೆಲವು ದಿನಗಳಲ್ಲಿ ಒಬ್ಬನೇ ಬಂದು ನಂಬಿಸಿ ಚೀಲವನ್ನು ಕೊಂಡೊಯ್ದ. ಇನ್ನೊಬ್ಬನು ವಿಧವೆಯ ಮೇಲೆ ದಾವೆ ಹೂಡಿದ. ಆಕೆ ಸೋಲುವುದು ಖಂಡಿತವೆಂದು ಎಲ್ಲರೂ ತಿಳಿದಿರಲು, ಈವೋ ಎದ್ದು ನಿಂತು, ಚೀಲ ಸಿಕ್ಕಿದೆಯೆಂದೂ, ಒಪ್ಪಂದದಂತೆ ಜೊತೆಗಾರನನ್ನು ಕರೆತಂದರೆ ಕೊಡಲು ಆಕೆ ಸಿದ್ಧಳೆಂದೂ ತಿಳಿಸಿದರು. ವಂಚಕನ ಬಣ್ಣ ಬಯಲಾಯಿತು, ವಿಧವೆ ಉಳಿದಳು.

ಆದರೆ ಗೆಲ್ಲುವುದಕ್ಕಿಂತ ರಾಜಿ ಮಾಡಿಸುವುದೇ ಅವರಿಗೆ ಪ್ರಿಯವಾಗಿತ್ತು. ತಾಯಿಯೂ ಮಗನೂ ಹಗೆ ಸಾಧಿಸುತ್ತಿದ್ದ ಒಂದು ವ್ಯಾಜ್ಯದಲ್ಲಿ ಅವರ ಬುದ್ಧಿವಾದವೆಲ್ಲ ವ್ಯರ್ಥವಾಯಿತು. ಆಗ ಅವರು ದೇವಾಲಯಕ್ಕೆ ಹೋಗಿ ಆ ಇಬ್ಬರಿಗಾಗಿ ಬಲಿಪೂಜೆಯನ್ನು ಅರ್ಪಿಸಿದರೆಂದೂ, ಅನಂತರ ತಾಯಿ ಮಕ್ಕಳು ಒಂದಾದರೆಂದೂ ಅವರ ಚರಿತ್ರೆ ತಿಳಿಸುತ್ತದೆ.

1284ರಲ್ಲಿ ಗುರುದೀಕ್ಷೆ ಪಡೆದ ಈವೋ ಟ್ರೆದ್ರೆ ಮತ್ತು ಲುವಾನೆಕ್ ಎಂಬ ಗ್ರಾಮಗಳಲ್ಲಿ ವಿಚಾರಣಾ ಗುರುಗಳಾಗಿ ಸೇವೆ ಸಲ್ಲಿಸಿದರು. ಕೆರ್ಮಾರ್ಟಿನ್‌ನ ಪಿತ್ರಾರ್ಜಿತ ಮನೆ ದೀನರ ಆಶ್ರಯವಾಯಿತು. ಕೊನೆಯ ವರ್ಷಗಳಲ್ಲಿ ನ್ಯಾಯಾಧಿಕಾರವನ್ನು ತ್ಯಜಿಸಿ ಜನಸೇವೆಗೇ ತಮ್ಮನ್ನು ಅರ್ಪಿಸಿಕೊಂಡರು. 1303ರ ಮೇ 19ರಂದು, ಇನ್ನೂ ಐವತ್ತು ತುಂಬುವ ಮೊದಲೇ, ದೈವಾಧೀನರಾದರು. 1330ರಲ್ಲಿ ಇನ್ನೂರಕ್ಕೂ ಹೆಚ್ಚು ಜನರ ಸಾಕ್ಷ್ಯವನ್ನು ಕ್ರಮವಾಗಿ ಬರೆದುಕೊಳ್ಳಲಾಯಿತು. ಬಡವರ ಸಾಕ್ಷಿಗಳ ಮಾತನ್ನು ಜೀವಮಾನವಿಡೀ ಆಲಿಸಿದವರ ಪರವಾಗಿ ಸಾಮಾನ್ಯ ಜನರೇ ಸಾಕ್ಷಿ ನುಡಿದರು. 1347ರಲ್ಲಿ ಜಗದ್ಗುರು ಆರನೆಯ ಕ್ಲೆಮೆಂಟರು ಅವರಿಗೆ ಸಂತಪದವಿಯನ್ನು ನೀಡಿದರು. ಇಂದಿಗೂ ಪ್ರತಿ ಮೇ ತಿಂಗಳಲ್ಲಿ ಟ್ರೆಗ್ಯೆಯ ಉತ್ಸವಕ್ಕೆ ವಕೀಲರು ಯಾತ್ರಿಕರಾಗಿ ಬರುತ್ತಾರೆ.

ಈ ಚರಿತ್ರೆ ನಮಗೆ ದೂರದ್ದಲ್ಲ. 1886ರಲ್ಲಿ ಸ್ಥಾಪನೆಯಾದ ನಮ್ಮ ಮೈಸೂರು ಧರ್ಮಕ್ಷೇತ್ರವನ್ನು ಆರಂಭದಲ್ಲಿ ಕಟ್ಟಿ ಬೆಳೆಸಿದವರು ಈವೋ ಹುಟ್ಟಿದ ಫ್ರಾನ್ಸಿನಿಂದ ಬಂದ ಗುರುಗಳು. 1983ರಲ್ಲಿ ಪ್ರಕಟವಾದ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ, ಧರ್ಮಾಧ್ಯಕ್ಷರ ಪರವಾಗಿ ನ್ಯಾಯ ನೀಡುವ ಗುರುವಿಗೆ ಈವೋ ಹೊಂದಿದ್ದ ಪದವಿಯ ಹೆಸರೇ ಉಳಿದು ಬಂದಿದೆ. ವ್ಯಾಜ್ಯಗಳನ್ನು ಆದಷ್ಟು ತಪ್ಪಿಸಿ ಶಾಂತಿಯಿಂದ ಬಗೆಹರಿಸಿಕೊಳ್ಳಬೇಕೆಂದು ಅದೇ ಸಂಹಿತೆ ವಿಧಿಸುತ್ತದೆ. ದೇಶದ ಕಾನೂನೂ ಅದೇ ಜಾಡಿನಲ್ಲಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಬಡವರಿಗೂ, ಆದಾಯವೆಷ್ಟೇ ಇರಲಿ ಮಹಿಳೆಯರಿಗೂ ಮಕ್ಕಳಿಗೂ, ಉಚಿತವಾಗಿ ವಕೀಲರ ನೆರವು ದೊರೆಯುತ್ತದೆ. ಲೋಕ ಅದಾಲತ್‌ನಲ್ಲಿ ಶುಲ್ಕವಿಲ್ಲದೆ ರಾಜಿಯಾಗಬಹುದು. ಇದನ್ನರಿಯದ ನೆರೆಯವರಿಗೆ ತಿಳಿಸಿ ಜೊತೆಯಲ್ಲಿ ಹೋಗುವುದು ನಮ್ಮಿಂದಾಗುವ ಕೆಲಸ.

ನೂರು ವರ್ಷಗಳಲ್ಲಿ ಈ ದೇವಾಲಯದ ಒಂದೇ ಪೀಠದ ಮುಂದೆ ಎಷ್ಟೋ ಕುಟುಂಬಗಳು ಮಂಡಿಯೂರಿವೆ. ಮಾತು ಬಿಟ್ಟ ಒಡಹುಟ್ಟಿದವರು ಈ ಉತ್ಸವದ ದಿನ ಒಂದೇ ಸಾಲಿನಲ್ಲಿ ಕುಳಿತರೆ, ಅದಕ್ಕಿಂತ ಮಿಗಿಲಾದ ಕಾಣಿಕೆಯನ್ನು ನಾವು ಅರ್ಪಿಸಲಾರೆವು. ಅದಕ್ಕಾಗಿ ಸಂತ ಈವೋ ಅವರ ಪ್ರಾರ್ಥನಾಬಲ ನಮಗಿರಲಿ.